ಕಾಸರಗೋಡು ಪೇಟೆಯ ಸುತ್ತಲಿನ ಊರುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು ಕಡೆಯಿಂದ ಬರುವ ಹೆಚ್ಚಿನವರು ಕಾಸರಗೋಡನ್ನು ದಾಟಿ ನೆಟ್ಟಗೆ ಬೇಕಲ ಕೋಟೆಗೆ ಹೋಗುತ್ತಾರೆ. ಬೇಕಲ ನೋಡಬೇಕಾದ ಜಾಗವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಸೀಮೆಯ ಚರಿತ್ರೆ ತಿಳಿಯಬೇಕಾದರೆ ಕಾಸರಗೋಡು ಪೇಟೆಯ ಸುತ್ತ ಹತ್ತು ಹನ್ನೆರಡು ಕಿಲೋಮೀಟರಿನೊಳಗಿನ ಊರುಗಳಲ್ಲಿ ಇಳಿಯಬೇಕು. ಅರಸು ಮನೆತನ, ಹಳೆಯ ದೇವಸ್ಥಾನ, ಬಂದರಿನ ಮಸೀದಿ, ದೇಶದ ಸಂವಿಧಾನದ ದಿಕ್ಕನ್ನೇ ಬದಲಿಸಿದ ಮಠ, ನೂರು ವರ್ಷ ದಾಟಿದ ತೆಂಗಿನ ಸಂಶೋಧನಾ ಕೇಂದ್ರ ಎಲ್ಲವೂ ಇರುವುದು ಅಲ್ಲೇ. ಬೆಂಗಳೂರು, ಮೈಸೂರಿನ ಗೆಳೆಯರು, ಇಲ್ಲಿಂದ ಹೊರಗೆ ಹೋಗಿ ನೆಲೆಸಿದವರ ಮಕ್ಕಳು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಟ್ಟಿದ್ದೇನೆ.

ಪೇಟೆಯ ಸುತ್ತಲಿನ ಊರುಗಳು ಎಂದರೆ ಯಾವುವು?

ಉತ್ತರಕ್ಕೆ ಕರಂದಕ್ಕಾಡು ದಾಟಿದರೆ ಕೂಡ್ಲು, ಚೌಕಿ, ಎರಿಯಾಲ್. ಈಶಾನ್ಯಕ್ಕೆ ಉಳಿಯತ್ತಡ್ಕ, ಮಧೂರು, ಮಾಯಿಪ್ಪಾಡಿ. ಪೂರ್ವಕ್ಕೆ ಅಣಂಗೂರು, ವಿದ್ಯಾನಗರ, ನಾಯಮ್ಮಾರಮೂಲೆ, ಚೆರ್ಕಳ, ಅಲ್ಲಿಂದ ತಿರುಗಿದರೆ ಎಡನೀರು. ಪಡುವಣಕ್ಕೆ ನೆಲ್ಲಿಕುಂಜೆ ಕಡಲ ಕರೆ. ತೆಂಕಿಗೆ ತಳಂಗರೆ, ಚಂದ್ರಗಿರಿ ಹೊಳೆ ದಾಟಿದರೆ ಚೆಮ್ನಾಡು. ತಳಂಗರೆ, ನೆಲ್ಲಿಕುಂಜೆ, ಅಣಂಗೂರು, ವಿದ್ಯಾನಗರ ನಗರಸಭೆಯ ಒಳಗೇ ಬರುತ್ತವೆ. ಉಳಿದವು ಮಧೂರು, ಮೊಗ್ರಾಲ್ ಪುತ್ತೂರು, ಚೆಂಗಳ, ಚೆಮ್ನಾಡು ಪಂಚಾಯತುಗಳಿಗೆ ಸೇರಿವೆ. ಗಡಿ ಕಾಗದದಲ್ಲಿ ಮಾತ್ರ. ಪೇಟೆ ಎಲ್ಲಿ ಮುಗಿಯಿತು, ಹಳ್ಳಿ ಎಲ್ಲಿ ಶುರುವಾಯಿತು ಎಂದು ಬಸ್ಸಿನಲ್ಲಿ ಕೂತವರಿಗೆ ತಿಳಿಯುವುದಿಲ್ಲ.

ಇಲ್ಲಿ ಯಾರು ಯಾರು ಆಳಿದರು?

ಸ್ಥಳೀಯವಾಗಿ ಆಳಿದವರು ಕುಂಬಳೆಯ ಅರಸರು. ತುಳುನಾಡಿನ ತೆಂಕಣ ಭಾಗ ಅವರ ಕೈಯಲ್ಲಿತ್ತು. ಕುಂಬಳೆ ಆಗ ಬಂದರು. ಹದಿನಾರನೆಯ ಶತಮಾನದ ಆರಂಭದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡುವಾರ್ಟೆ ಬಾರ್ಬೋಸ, ಇಲ್ಲಿಂದ ಮಾಲ್ದೀವ್ ದ್ವೀಪಗಳಿಗೆ ಅಕ್ಕಿ ಹೋಗುತ್ತಿತ್ತು, ಬದಲಿಗೆ ತೆಂಗಿನ ನಾರು ಬರುತ್ತಿತ್ತು ಎಂದು ಬರೆದಿದ್ದಾನೆ. ಕುಂಬಳೆಯ ಅರಸರ ಮೇಲೆ ವಿಜಯನಗರದ ಅಧಿಕಾರವಿತ್ತು. ಅದು ಕುಸಿದ ಮೇಲೆ ಕೆಳದಿಯ ನಾಯಕರು ಕರಾವಳಿಗೆ ಇಳಿದರು. 1763ರಲ್ಲಿ ಹೈದರಾಲಿ ಕೆಳದಿಯನ್ನು ಗೆದ್ದಾಗ ಈ ನೆಲ ಮೈಸೂರಿನ ಪಾಲಾಯಿತು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕಂಪನಿ ಸರಕಾರ ಬಂತು.

ಆಮೇಲಿನ ಕತೆ ಕಚೇರಿಯ ಕತೆ. ಇದು ಕೆನರಾ ಜಿಲ್ಲೆಯ ತೆಂಕಣ ತುದಿಯಾಯಿತು. ಮೊದಲು ಬೇಕಲ ತಾಲೂಕು ಎಂದೇ ಇದ್ದದ್ದು, ಅನಂತರ ಕಾಸರಗೋಡು ತಾಲೂಕು ಎನಿಸಿಕೊಂಡಿತು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಆಧಿಪತ್ಯಕ್ಕೆ ಹೋದಾಗಲೂ ದಕ್ಷಿಣ ಕನ್ನಡದ ಜೊತೆ ಕಾಸರಗೋಡು ಮದ್ರಾಸಿನಲ್ಲೇ ಉಳಿಯಿತು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಅಲ್ಲಿಂದ ಕಣ್ಣೂರು ಜಿಲ್ಲೆಯ ಭಾಗವಾಗಿದ್ದು, 1984ರ ಮೇ 24ರಂದು ತಾನೇ ಒಂದು ಜಿಲ್ಲೆಯಾಯಿತು.

ಮಧೂರು ದೇವಸ್ಥಾನಕ್ಕೆ ಅಷ್ಟು ಹೆಸರು ಯಾಕೆ?

ಪೇಟೆಯಿಂದ ಸುಮಾರು ಎಂಟು ಕಿಲೋಮೀಟರ್ ದೂರದಲ್ಲಿ, ಮಧುವಾಹಿನಿ ಹೊಳೆಯ ದಡದಲ್ಲಿ ಮಧೂರು ಶ್ರೀ ಮದನಂತೇಶ್ವರ ಸಿದ್ಧಿವಿನಾಯಕ ದೇವಸ್ಥಾನವಿದೆ. ಮುಖ್ಯ ದೇವರು ಶಿವ, ಅಂದರೆ ಅನಂತೇಶ್ವರ. ಆದರೆ ಊರಿನವರಿಗೂ ಪರ ಊರಿನವರಿಗೂ ಮಧೂರು ಎಂದ ಕೂಡಲೇ ನೆನಪಾಗುವುದು ಗಣಪತಿ.

ಕತೆ ಹೀಗಿದೆ. ಹುಲ್ಲು ಕೊಯ್ಯಲು ಹೋದ ಮದರು ಎಂಬ ತುಳು ಹೆಂಗಸಿಗೆ ಉದ್ಭವ ಲಿಂಗ ಕಾಣಿಸಿತು, ಅಲ್ಲಿ ಗುಡಿ ಎದ್ದಿತು, ಅವಳ ಹೆಸರೇ ಊರಿಗೆ ಉಳಿಯಿತು. ಮುಂದೆ ಒಬ್ಬ ಹುಡುಗ ಆಟಕ್ಕೆಂದು ಗರ್ಭಗುಡಿಯ ತೆಂಕಣ ಗೋಡೆಯ ಮೇಲೆ ಗಣಪತಿಯ ಚಿತ್ರ ಬರೆದ. ಆ ಚಿತ್ರ ದಿನದಿಂದ ದಿನಕ್ಕೆ ದಪ್ಪಗಾಗುತ್ತ ಬಂತು. ಅದಕ್ಕೇ ಈ ಗಣಪತಿಗೆ ಬೊಡ್ಡಜ್ಜ ಎಂದು ಹೆಸರು. ನನಗೆ ಈ ಕತೆಯಲ್ಲಿ ತುಂಬ ಇಷ್ಟವಾಗುವುದು ಎರಡು ಸಂಗತಿ. ದೇವರನ್ನು ಮೊದಲು ಕಂಡವಳು ಹುಲ್ಲು ಕೊಯ್ಯುವ ಹೆಂಗಸು. ದೇವರನ್ನು ಬರೆದವನು ಒಂದು ಮಗು. ಅರಸನೂ ಅಲ್ಲ, ಋಷಿಯೂ ಅಲ್ಲ.

ಕಟ್ಟಡವನ್ನು ನೋಡಲೆಂದೇ ಹೋದರೂ ನಷ್ಟವಿಲ್ಲ. ಆನೆಯ ಬೆನ್ನಿನ ಆಕಾರದ, ಅಂದರೆ ಗಜಪೃಷ್ಠ ಮಾದರಿಯ ಮೂರು ಅಂತಸ್ತಿನ ಮಾಡು, ಮೇಲೆ ತಾಮ್ರದ ಹೊದಿಕೆ. ಹಿಂಬದಿಗೆ ಬಂದು ಒಂದು ಸಲ ನಿಂತು ನೋಡಬೇಕು. ಹೆಚ್ಚಿನವರು ಎದುರಿನಿಂದ ಕೈಮುಗಿದು ಅಪ್ಪದ ಸಾಲಿಗೆ ನಡೆಯುತ್ತಾರೆ, ಆ ದುಂಡಗಿನ ಬೆನ್ನು ಅವರ ಕಣ್ಣಿಗೆ ಬೀಳುವುದೇ ಇಲ್ಲ. ಒಳಗಿನ ಮರದ ಕೆತ್ತನೆಯಲ್ಲಿ ಪುರಾಣದ ಪ್ರಸಂಗಗಳಿವೆ. ಪ್ರಸಾದಕ್ಕೆ ಅಪ್ಪ ಸಿಗುತ್ತದೆ. ಇದು ಊರೆಲ್ಲ ಮೆಚ್ಚಿದ ಅಪ್ಪ.

ಮೂಡಪ್ಪ ಸೇವೆ ಎಂದರೇನು? ಮಧೂರು ಬೆಡಿ ಎಂದರೇನು?

ಗಣಪತಿಯನ್ನು ಅಪ್ಪಗಳಿಂದ ಮುಚ್ಚುವ ದೊಡ್ಡ ಸೇವೆಗೆ ಮೂಡಪ್ಪ ಎನ್ನುತ್ತಾರೆ. ಅಪರೂಪಕ್ಕೆ ನಡೆಯುವಂಥದ್ದು. 1992ರಲ್ಲಿ ನಡೆದಿತ್ತು, ಆಮೇಲೆ 2025ರಲ್ಲಿ ದೇವಸ್ಥಾನದ ಜೀರ್ಣೋದ್ಧಾರ ಮುಗಿದು ಬ್ರಹ್ಮಕಲಶವಾದಾಗ ನಡೆಯಿತು. ಬೆಡಿ ಹಾಗಲ್ಲ, ಅದು ವರ್ಷಾವಧಿ ಜಾತ್ರೆಯ ಸುಡುಮದ್ದು. ವಿಷು ಸಮಯದಲ್ಲಿ, ಏಪ್ರಿಲ್ ತಿಂಗಳಲ್ಲಿ ಮಧೂರು ಬೆಡಿ. ಜನವರಿಯಲ್ಲಿ ಕುಂಬಳೆ ಬೆಡಿ. ಪರ ಊರಿನಲ್ಲಿ ಕೆಲಸಕ್ಕಿರುವವರು ರಜೆ ಹಾಕಿ ಊರಿಗೆ ಬರುವುದು ಈ ಲೆಕ್ಕಾಚಾರದಲ್ಲೇ.

ಟಿಪ್ಪುವಿನ ಕತ್ತಿಯ ಗುರುತು ನಿಜವೇ?

ದೇವಸ್ಥಾನದಲ್ಲಿ ಒಂದು ಗುರುತನ್ನು ತೋರಿಸುತ್ತಾರೆ. ಟಿಪ್ಪು ಗುಡಿ ಕೆಡವಲು ಬಂದ, ಬಾಯಾರಿ ಇಲ್ಲಿನ ಬಾವಿಯ ನೀರು ಕುಡಿದ, ಮನಸ್ಸು ಬದಲಾಗಿ ಕತ್ತಿಯಿಂದ ಒಂದು ಗುರುತು ಮಾತ್ರ ಮಾಡಿ ಹೊರಟುಹೋದ ಎಂಬುದು ಹೇಳಿಕೆ. ಇದು ಬಾಯಿಂದ ಬಾಯಿಗೆ ಬಂದ ಕತೆ, ಹಾಗೆಯೇ ಕೇಳಿಸಿಕೊಳ್ಳುವುದು ಒಳ್ಳೆಯದು. ಕತೆಯನ್ನು ದಾಖಲೆ ಮಾಡಿ ಜಗಳಕ್ಕೆ ಬಳಸುವವರ ಬಗ್ಗೆ ನನಗೆ ಬೇಸರವಿದೆ.

"ಅಡೂರು ಮಧೂರು ಕಾವು ಕಣ್ಯಾರ" ಎಂದು ಹಿರಿಯರು ಹೇಳುತ್ತಾರಲ್ಲ, ಏನದು?

ಕುಂಬಳೆ ಸೀಮೆಯ ನಾಲ್ಕು ಮುಖ್ಯ ದೇವಸ್ಥಾನಗಳ ಹೆಸರು. ಅಡೂರಿನ ಮಹಾಲಿಂಗೇಶ್ವರ, ಮಧೂರಿನ ಮದನಂತೇಶ್ವರ, ಮುಜುಂಗಾವಿನ ಪಾರ್ಥಸಾರಥಿ, ಕಣ್ಯಾರ ಅಂದರೆ ಕುಂಬಳೆ ಕಣಿಪುರದ ಗೋಪಾಲಕೃಷ್ಣ. ಅರಸರ ಕಾಲದಲ್ಲಿ ಸೀಮೆಯ ಆಡಳಿತವೂ ಹಬ್ಬದ ಕಟ್ಟಲೆಗಳೂ ಈ ನಾಲ್ಕನ್ನು ಸುತ್ತಿಕೊಂಡಿದ್ದವು. ಇಂದು ಜಿಲ್ಲೆ, ತಾಲೂಕು, ಪಂಚಾಯತ್ ಎಂಬ ವಿಂಗಡಣೆಯಲ್ಲಿ ಊರನ್ನು ನೋಡುವ ನಮಗೆ, ಹಳಬರ ತಲೆಯಲ್ಲಿದ್ದ ನಕ್ಷೆ ಹೇಗಿತ್ತೆಂದು ತಿಳಿಯಲು ಈ ನಾಲ್ಕು ಹೆಸರು ಸಾಕು. ಅಡೂರು ಕಾಡಂಚಿನಲ್ಲಿದೆ, ಕಣಿಪುರ ಕಡಲ ಹತ್ತಿರ. ನಡುವೆ ಇರುವುದೆಲ್ಲ ಸೀಮೆ.

ಮಾಯಿಪ್ಪಾಡಿ ಅರಮನೆಯಲ್ಲಿ ನೋಡಲು ಏನಿದೆ?

ಮೈಸೂರು ಅರಮನೆಯಂಥದ್ದನ್ನು ನಿರೀಕ್ಷಿಸಬೇಡಿ. ಉಳಿಯತ್ತಡ್ಕದಿಂದ ಸೀತಾಂಗೋಳಿ ಕಡೆಗೆ ಹೋಗುವ ದಾರಿಯಲ್ಲಿ ಸಿಗುವ ಮಾಯಿಪ್ಪಾಡಿ ಅರಮನೆ ಹಂಚಿನ ಮಾಡಿನ ಹಳೆಯ ಮನೆಯ ಹಾಗೇ ಇದೆ. ಕುಂಬಳೆಯ ಅರಸು ಮನೆತನದ ನೆಲೆ ಅದು. ಕುಂಬಳೆ ಕಡಲ ಕರೆಯಿಂದ ಅಧಿಕಾರ ಒಳನಾಡಿಗೆ ಸರಿದದ್ದರ ಗುರುತು. ಮಧೂರಿನ ಉತ್ಸವದ ಕಟ್ಟಲೆಗಳಲ್ಲಿ ಅರಸು ಮನೆತನಕ್ಕೆ ಇಂದಿಗೂ ಸ್ಥಾನವಿದೆ. ಅದು ಜನ ವಾಸವಿರುವ ಮನೆ, ಹೋಗುವವರು ಆ ಎಚ್ಚರದಲ್ಲಿ ಹೋಗಬೇಕು.

ಇದೇ ಮಾಯಿಪ್ಪಾಡಿಯಲ್ಲಿ ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆ, ಎಲ್ಲರ ಬಾಯಲ್ಲಿ ಡಯಟ್, ಇದೆ. ಕನ್ನಡ ಮಾಧ್ಯಮದಲ್ಲಿ ಪಾಠ ಹೇಳುವ ಎಷ್ಟೋ ಮೇಷ್ಟ್ರುಗಳು, ಟೀಚರುಗಳು ಇಲ್ಲಿಂದ ಹೊರಬಂದವರು. ನನ್ನ ಮಟ್ಟಿಗೆ ಅರಮನೆಯಷ್ಟೇ ಮುಖ್ಯವಾದ ಹೆಗ್ಗುರುತು ಅದು.

ಕುಂಬಳೆ ಸೀಮೆಗೂ ಯಕ್ಷಗಾನಕ್ಕೂ ಏನು ಸಂಬಂಧ?

ಯಕ್ಷಗಾನದ ತೆಂಕಣ ಶೈಲಿಯಾದ ತೆಂಕುತಿಟ್ಟಿನ ಮೂಲ ನೆಲ ಇದು. ರಾಮಾಯಣದ ಪ್ರಸಂಗಗಳನ್ನು ಕಟ್ಟಿದ ಪಾರ್ತಿಸುಬ್ಬ ಕುಂಬಳೆಯವನು. ಕಣಿಪುರದ ಗೋಪಾಲಕೃಷ್ಣನನ್ನು ನೆನೆಯುತ್ತ ಬರೆದವನು. ಅವನನ್ನು ಯಕ್ಷಗಾನದ ಪಿತಾಮಹ ಎಂದು ಕರೆಯುವುದು ರೂಢಿ. ಇವತ್ತಿಗೂ ನವೆಂಬರಿನಿಂದ ಮೇ ತನಕ ಈ ಊರುಗಳ ಯಾವುದಾದರೊಂದು ಗದ್ದೆಯಲ್ಲಿ, ಶಾಲೆಯ ಅಂಗಳದಲ್ಲಿ ಚೆಂಡೆ ಕೇಳಿಸುತ್ತದೆ. ಮನೆಯಲ್ಲಿ ಮಲಯಾಳ ಆಡುವವರೂ ಬಂದು ಕೂತು ಕನ್ನಡದ ಅರ್ಥಗಾರಿಕೆ ಕೇಳುತ್ತಾರೆ.

ತಳಂಗರೆಯ ಮಸೀದಿ ಎಷ್ಟು ಹಳೆಯದು?

ಇಸ್ಲಾಮಿನ ಮೊದಲ ಶತಮಾನದಲ್ಲೇ ಮಾಲಿಕ್ ದೀನಾರ್ ಮತ್ತು ಸಂಗಡಿಗರು ಪಡುವಣ ಕರಾವಳಿಯಲ್ಲಿ ಕಟ್ಟಿದ ಮಸೀದಿಗಳಲ್ಲಿ ಇದೂ ಒಂದು ಎಂಬುದು ಪರಂಪರೆಯ ನಂಬಿಕೆ. ಕೊಡುಂಗಲ್ಲೂರು, ಮಂಗಳೂರು, ಬಾರ್ಕೂರು ಇದೇ ಸಾಲಿನಲ್ಲಿ ಬರುತ್ತವೆ. ಮಾಲಿಕ್ ದೀನಾರರ ವಂಶದವರೆನ್ನುವ ಮಾಲಿಕ್ ಇಬ್ನ್ ಮುಹಮ್ಮದರ ಗೋರಿ ಇಲ್ಲಿದೆ. ಉರೂಸಿನ ದಿನಗಳಲ್ಲಿ ಬರುವ ಜನರಲ್ಲಿ ಎಲ್ಲ ಮತದವರೂ ಇರುತ್ತಾರೆ.

ತಳಂಗರೆ ಬರಿಯ ಯಾತ್ರೆಯ ಜಾಗವಲ್ಲ. ಚಂದ್ರಗಿರಿ ಹೊಳೆ ಕಡಲು ಸೇರುವ ಕಡೆ ಇರುವ ಈ ಊರು ಹಾಯಿಹಡಗುಗಳ ಕಾಲದ ಬಂದರು. ಕೈಯಲ್ಲಿ ಹೊಲಿಯುವ ತಳಂಗರೆ ಟೊಪ್ಪಿ ಇಲ್ಲಿಂದ ಕಡಲಾಚೆಯ ಅರಬ್ ನಾಡುಗಳಿಗೆ, ಆಫ್ರಿಕಾಕ್ಕೆ ಹೋಗುತ್ತಿತ್ತು. ಬಿಳಿ ಬಟ್ಟೆಯ ಮೇಲೆ ನೂಲಿನ ಸೂಕ್ಷ್ಮ ಕಸೂತಿ, ಮನೆಮನೆಯ ಹೆಂಗಸರ ಕೈಕೆಲಸ. ಯಂತ್ರದ ಟೊಪ್ಪಿ ಬಂದ ಮೇಲೆ ಆ ಕೈಗಳು ಕಡಮೆಯಾಗಿವೆ. ಕೊಳ್ಳುವವರಿದ್ದರೆ ಕೇಳಿ ಕೊಳ್ಳಿ.

ತಳಂಗರೆಯ ಕವಿ ಟಿ. ಉಬೈದ್ (1908–1972) ಅವರ ಹೆಸರನ್ನು ಇಲ್ಲಿ ಹೇಳಲೇಬೇಕು. ಕನ್ನಡ ಶಾಲೆಯಲ್ಲಿ ಕಲಿತು, ಮಲಯಾಳದಲ್ಲಿ ಕವಿತೆ ಬರೆದು, ಮಲಯಾಳ ಮುಸ್ಲಿಮರ ಮಾಪ್ಪಿಳೆ ಹಾಡುಗಳಿಗೆ ಸಾಹಿತ್ಯದ ಮಾನ ದೊರಕಿಸಿಕೊಟ್ಟವರು. ಕಾಸರಗೋಡಿನ ಮಣ್ಣಿನಲ್ಲಿ ಎರಡು ಭಾಷೆ ಹೇಗೆ ಒಂದೇ ಎದೆಯಲ್ಲಿ ಇರಬಲ್ಲವು ಎಂಬುದಕ್ಕೆ ಅವರಿಗಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಇಷ್ಟು ಹತ್ತಿರ ಹತ್ತಿರ ಇಷ್ಟೊಂದು ಕೋಟೆ ಯಾಕೆ?

ಕೆಳದಿಯ ನಾಯಕರಿಗೆ ಇದು ರಾಜ್ಯದ ತುದಿ. ತೆಂಕಿಗೆ ಕೋಲತ್ತಿರಿ ಅರಸರು, ಪಡುವಣಕ್ಕೆ ಕಡಲು, ಕಡಲಿನಲ್ಲಿ ಪೋರ್ಚುಗೀಸರು. ಕರಿಮೆಣಸು, ಅಕ್ಕಿ ಹೊಳೆಬಾಯಿಗಳಿಂದ ಹೊರಗೆ ಹೋಗುತ್ತಿದ್ದವು. ಹೊಳೆಬಾಯಿಯನ್ನು ಕಾಯದಿದ್ದರೆ ಸುಂಕವೂ ಇಲ್ಲ, ರಾಜ್ಯವೂ ಇಲ್ಲ. ಹಾಗಾಗಿ ಕುಂಬಳೆಯ ಹತ್ತಿರ ಆರಿಕ್ಕಾಡಿ, ಕಾಸರಗೋಡು, ಚಂದ್ರಗಿರಿ, ಬೇಕಲ, ಹೊಸದುರ್ಗ ಎಂದು ಸಾಲಾಗಿ ಕೋಟೆಗಳು ಎದ್ದವು. ಎಲ್ಲವೂ ಮುರಕಲ್ಲಿನವು, ಅಂದರೆ ಜಂಬಿಟ್ಟಿಗೆ ಕಲ್ಲಿನವು. ಕೋಟೆ ಕಾಯಲೆಂದು ಬಂದು ನೆಲೆಸಿದ ರಾಮಕ್ಷತ್ರಿಯರು, ಅಂದರೆ ಕೋಟೆಗಾರರು, ಇಂದಿಗೂ ಈ ಊರುಗಳಲ್ಲಿದ್ದಾರೆ.

ಚಂದ್ರಗಿರಿ ಕೋಟೆ ಹೊಳೆಯ ತೆಂಕಣ ದಡದಲ್ಲಿ ಚೆಮ್ನಾಡು ಪಂಚಾಯತಿನಲ್ಲಿದೆ. ಹದಿನೇಳನೆಯ ಶತಮಾನದ್ದು, ಶಿವಪ್ಪ ನಾಯಕನ ಕಾಲದ್ದು. ಬೇಕಲದಷ್ಟು ದೊಡ್ಡದಲ್ಲ, ಏಳು ಎಕರೆಯಷ್ಟು ಜಾಗ. ಆದರೆ ಅದರ ಗೋಡೆಯ ಮೇಲಿಂದ ಹೊಳೆ, ಸೇತುವೆ, ತೆಂಗಿನ ತೋಟ, ಕಡಲು ಒಂದೇ ನೋಟದಲ್ಲಿ ಸಿಗುತ್ತವೆ. ಈ ಕೋಟೆ ಯಾಕೆ ಇಲ್ಲೇ ಎಂಬ ಪ್ರಶ್ನೆಗೆ ಬೇರೆ ಉತ್ತರ ಬೇಡ. ಸಂಜೆ ಹೋಗಿ. ಮಳೆಗಾಲದಲ್ಲಿ ಗೋಡೆ ಹಾವಸೆ ಕಟ್ಟಿ ಜಾರುತ್ತದೆ.

ಪೇಟೆಯೊಳಗಿನ ಕಾಸರಗೋಡು ಕೋಟೆಯ ಸ್ಥಿತಿ ನೋಡಿದರೆ ಹೊಟ್ಟೆ ಉರಿಯುತ್ತದೆ. ಫೋರ್ಟ್ ರೋಡ್ ಎಂಬ ಹೆಸರು ಉಳಿದಿದೆ, ಒಂದು ಆಂಜನೇಯನ ಗುಡಿ ಇದೆ, ಕೊತ್ತಳಗಳ ಅವಶೇಷ ಇದೆ. ಜಾಗದ ಒಡೆತನದ ತಕರಾರು ಪತ್ರಿಕೆಗಳಲ್ಲಿ ಬಂದು ಹೋಯಿತು. ಕೋಟೆ ಮಾತ್ರ ಮನೆಗಳ ನಡುವೆ ಅಡಗಿಹೋಗಿದೆ.

ಕೂಡ್ಲಿನ ತೆಂಗಿನ ಸಂಶೋಧನಾ ಕೇಂದ್ರ, ಸಿಪಿಸಿಆರ್‌ಐ, ಸಾಮಾನ್ಯರು ನೋಡುವಂಥ ಜಾಗವೇ?

ಖಂಡಿತ. 1916ರಲ್ಲಿ ಮದ್ರಾಸ್ ಸರಕಾರ ತೆಂಗಿನ ಸಂಶೋಧನೆಗೆಂದು ಇಲ್ಲಿ ಒಂದು ಕೇಂದ್ರ ತೆರೆಯಿತು. ಅದೇ ಹೊತ್ತಿಗೆ ತೆಂಕಣ ನೀಲೇಶ್ವರದ ಕಡೆಯೂ ಕೇಂದ್ರಗಳಾದವು. ಬೇರೆ ಬೇರೆ ಮಣ್ಣಿನಲ್ಲಿ ತೆಂಗು ಹೇಗೆ ಬೆಳೆಯುತ್ತದೆ ಎಂದು ಹೋಲಿಸಿ ನೋಡುವುದು ಉದ್ದೇಶ. ಎತ್ತರದ ತಳಿಯನ್ನೂ ಗಿಡ್ಡ ತಳಿಯನ್ನೂ ಕೂಡಿಸಿದರೆ ಬೇಗ ಫಲ ಬಿಡುವ, ಹೆಚ್ಚು ಕಾಯಿ ಕೊಡುವ ಸಂಕರ ಸಸಿ ಸಿಗುತ್ತದೆ ಎಂಬುದನ್ನು 1930ರ ದಶಕದಲ್ಲಿ ನೀಲೇಶ್ವರದಲ್ಲೇ ಕಂಡುಕೊಂಡರು. ಜಗತ್ತಿನ ಮೊದಲ ಸಂಕರ ತೆಂಗು ಅದು. 1970ರಲ್ಲಿ ಕೂಡ್ಲಿನ ಕೇಂದ್ರವನ್ನೂ ವಿಟ್ಲದ ಅಡಿಕೆ ಸಂಶೋಧನಾ ಕೇಂದ್ರವನ್ನೂ ಸೇರಿಸಿ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ (ಸಿಪಿಸಿಆರ್‌ಐ) ಮಾಡಿದರು. ತೆಂಗು, ಅಡಿಕೆ, ಕೊಕ್ಕೊ ಮೂರೂ ಅದರ ವ್ಯಾಪ್ತಿಗೆ ಬಂದವು.

ಇದು ಪುಸ್ತಕದ ವಿಜ್ಞಾನವಾಗಿ ಉಳಿದಿಲ್ಲ. ಮಂಗಳ, ಸುಮಂಗಳ, ಮೋಹಿತ್‌ನಗರ ಅಡಿಕೆ ತಳಿಗಳ ಹೆಸರು ಪುತ್ತೂರು, ಸುಳ್ಯ, ಬದಿಯಡ್ಕದ ಪ್ರತಿ ಕೃಷಿಕನಿಗೂ ಗೊತ್ತು. ಅಡಿಕೆ ತೋಟದ ನಡುವೆ ಕೊಕ್ಕೊ ಹಾಕುವ ಪದ್ಧತಿ ಬೇರೂರುವುದರಲ್ಲಿಯೂ ಈ ಸಂಸ್ಥೆಯ ಪಾಲಿದೆ. ತೆಂಗಿನ ಹೊಂಬಾಳೆಯಿಂದ ಹುಳಿಯಾಗದಂತೆ ತಂಪಾಗಿ ಇಳಿಸುವ ಕಲ್ಪರಸವೂ ಇಲ್ಲಿಂದಲೇ ಬಂದದ್ದು. ತೋಟ ಇರುವವರು ಸಸಿ ವಿಚಾರಿಸಲು ಹೋಗುವುದು ಮಾಮೂಲು. ತೋಟ ಇಲ್ಲದವರು ಮಕ್ಕಳನ್ನು ಕರೆದುಕೊಂಡು ಹೋಗಲಿ. ಮುಂಚಿತವಾಗಿ ಕೇಳಿ ಹೋದರೆ ಒಳ್ಳೆಯದು.

ವಿದ್ಯಾನಗರ ಹೇಗೆ ಹುಟ್ಟಿತು?

ಹೆಸರೇ ಹೇಳುವ ಹಾಗೆ, ಕಾಲೇಜಿನಿಂದ. 1957ರಲ್ಲಿ ಕಾಸರಗೋಡು ಸರಕಾರಿ ಕಾಲೇಜು ಶುರುವಾಯಿತು. ರಾಜ್ಯ ಬದಲಾದ ಮರುವರ್ಷ. ಬರಿಯ ಮುರಕಲ್ಲಿನ ಪದವಿನ, ಅಂದರೆ ಬಯಲು ಗುಡ್ಡೆಯ, ಮೇಲೆ ಎದ್ದ ಆ ಕಾಲೇಜಿನ ಕನ್ನಡ ವಿಭಾಗದಲ್ಲಿ ಕಲಿತವರು ಇಂದು ಗಡಿಯ ಎರಡೂ ಕಡೆ ಪಾಠ ಹೇಳುತ್ತಿದ್ದಾರೆ, ಪತ್ರಿಕೆ ನಡೆಸುತ್ತಿದ್ದಾರೆ, ಬರೆಯುತ್ತಿದ್ದಾರೆ. 1984ರಲ್ಲಿ ಜಿಲ್ಲೆಯಾದ ಮೇಲೆ ಕಲೆಕ್ಟರ್ ಕಚೇರಿ, ಕೋರ್ಟು, ಸ್ಟೇಡಿಯಂ ಇದೇ ಪದವಿನ ಮೇಲೆ ಬಂದವು. ಕೇರಳದ ಕೇಂದ್ರೀಯ ವಿಶ್ವವಿದ್ಯಾಲಯ 2009ರಲ್ಲಿ ಸ್ಥಾಪನೆಯಾದಾಗ ಮೊದಲ ತರಗತಿಗಳು ಈ ಭಾಗದಲ್ಲೇ ನಡೆದವು, ಆಮೇಲೆ ಪೆರಿಯಕ್ಕೆ ಹೋಯಿತು.

ಕಾಸರಗೋಡು ಸೀರೆಯನ್ನು ನೇಯುವ ಮಗ್ಗಗಳೂ ಈ ಬದಿಯಲ್ಲೇ ಇವೆ. ಹತ್ತಿಯ ಕೈಮಗ್ಗದ ಸೀರೆ, ಶಾಲಿಯ ಸಮುದಾಯದ ನೇಕಾರರ ಕಸುಬು. ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ನೇಯುವ ಕೈ ಮಾತ್ರ ಕಡಮೆ.

ಎಡನೀರು ಮಠದ ಹೆಸರು ವಕೀಲರೆಲ್ಲ ಹೇಳುತ್ತಾರೆ, ಯಾಕೆ?

ಭಾರತದಲ್ಲಿ ಕಾನೂನು ಓದುವ ಯಾವ ವಿದ್ಯಾರ್ಥಿಯೂ ತಪ್ಪಿಸಿಕೊಳ್ಳಲಾಗದ ಹೆಸರು ಕೇಶವಾನಂದ ಭಾರತಿ. ಆ ಸ್ವಾಮೀಜಿ ಇದ್ದದ್ದು ಚೆರ್ಕಳದಿಂದ ಕಲ್ಲಡ್ಕ ರಸ್ತೆಯಲ್ಲಿ ಸ್ವಲ್ಪ ಮುಂದೆ ಸಿಗುವ ಎಡನೀರು ಮಠದಲ್ಲಿ. ಶಂಕರಾಚಾರ್ಯರ ಶಿಷ್ಯ ತೋಟಕಾಚಾರ್ಯರ ಪರಂಪರೆಯ ಅದ್ವೈತ ಮಠ ಇದು.

ಕೇರಳದ ಭೂಸುಧಾರಣೆ ಕಾನೂನಿನಿಂದ ಮಠದ ಭೂಮಿಗೆ ಕುತ್ತು ಬಂದಾಗ ಅವರು 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ನಾನಿ ಪಾಲ್ಖೀವಾಲ ವಾದಿಸಿದರು. ಮಠದ ಜಾಗದ ವಿಷಯ ಬೆಳೆಯುತ್ತ ಬೆಳೆಯುತ್ತ, ಸಂವಿಧಾನವನ್ನು ಎಷ್ಟರ ಮಟ್ಟಿಗೆ ತಿದ್ದುವ ಅಧಿಕಾರ ಸಂಸತ್ತಿಗಿದೆ ಎಂಬ ದೊಡ್ಡ ಪ್ರಶ್ನೆಯಾಯಿತು. 13 ನ್ಯಾಯಾಧೀಶರ ಪೀಠ, 68 ದಿನಗಳ ವಿಚಾರಣೆ. 1973ರ ಏಪ್ರಿಲ್ 24ರಂದು ಏಳಕ್ಕೆ ಆರರ ಅಂತರದಲ್ಲಿ ತೀರ್ಪು ಬಂತು: ತಿದ್ದಬಹುದು, ಆದರೆ ಸಂವಿಧಾನದ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ. ಇಡೀ ದೇಶಕ್ಕೆ ಕಾಪು ಸಿಕ್ಕಿತು, ಅರ್ಜಿ ಹಾಕಿದ ಮಠಕ್ಕೆ ಭೂಮಿಯ ವಿಷಯದಲ್ಲಿ ಹೇಳುವಂಥ ಲಾಭವಾಗಲಿಲ್ಲ.

ಊರಿನವರಿಗೆ ಸ್ವಾಮೀಜಿ ಬೇರೆಯೇ ಕಾರಣಕ್ಕೆ ಹತ್ತಿರದವರು. ಯಕ್ಷಗಾನ, ಸಂಗೀತ ಎಂದರೆ ಅವರಿಗೆ ಪ್ರಾಣ. ತಾವೇ ಭಾಗವತಿಕೆ, ಅಂದರೆ ಯಕ್ಷಗಾನದ ಹಾಡುಗಾರಿಕೆ, ಮಾಡುತ್ತಿದ್ದರು. ಮಠದ ವೇದಿಕೆಯಲ್ಲಿ ಹಾಡಿದ, ಕುಣಿದ ಕಲಾವಿದರಿಗೆ ಲೆಕ್ಕವಿಲ್ಲ. 2020ರ ಸೆಪ್ಟೆಂಬರ್ 6ರಂದು ತೀರಿಕೊಂಡರು. ದಿಲ್ಲಿಯ ಪತ್ರಿಕೆಗಳು ತೀರ್ಪನ್ನು ನೆನೆದವು, ಇಲ್ಲಿನವರು ಅವರ ಹಾಡನ್ನು ನೆನೆದರು.

ಚಂದ್ರಗಿರಿ ಹೊಳೆಯ ಹೆಸರು ಗಡಿ ವಿವಾದದಲ್ಲಿ ಯಾಕೆ ಬರುತ್ತದೆ?

ಸುಳ್ಯದ ಕಡೆಯಿಂದ ಪಯಸ್ವಿನಿಯಾಗಿ ಇಳಿದು, ಕೆಳಗೆ ಚಂದ್ರಗಿರಿ ಎನಿಸಿಕೊಳ್ಳುವ ಈ ಹೊಳೆಯನ್ನು ತುಳುನಾಡಿಗೂ ಮಲಯಾಳ ನಾಡಿಗೂ ನಡುವಿನ ಗಡಿ ಎಂದು ಹಿಂದಿನಿಂದಲೂ ತಿಳಿದಿದ್ದರು. ತೆಂಕಣ ಕೆಲವು ಮನೆತನಗಳ ಹೆಂಗಸರು ಈ ಹೊಳೆ ದಾಟಬಾರದೆಂಬ ಕಟ್ಟುಪಾಡು ಇತ್ತೆಂದು ಬ್ರಿಟಿಷರ ಕಾಲದ ಬರಹಗಳಲ್ಲಿದೆ.

1956ರಲ್ಲಿ ರಾಜ್ಯಗಳನ್ನು ಮರುವಿಂಗಡಿಸಿದಾಗ ಇಡೀ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಇಲ್ಲಿನ ಕನ್ನಡಿಗರು ಅದನ್ನು ಒಪ್ಪಲಿಲ್ಲ. ಕವಿ ಕಯ್ಯಾರ ಕಿಞ್ಞಣ್ಣ ರೈ (1915–2015) ಹಾಡು ಬರೆದು, ಊರೂರು ತಿರುಗಿ ಭಾಷಣ ಮಾಡಿದರು. ಕನ್ನಡಿಗರ ಈ ಹೋರಾಟದ ಸಂಘಟನೆಯಾದ ಕರ್ನಾಟಕ ಸಮಿತಿ ಚುನಾವಣೆಗೂ ಇಳಿಯಿತು. 1957ರ ಮೊದಲ ವಿಧಾನಸಭೆಗೆ ಮಂಜೇಶ್ವರದಿಂದ ಎಂ. ಉಮೇಶ ರಾವ್ ಅವಿರೋಧವಾಗಿ ಆಯ್ಕೆಯಾದರು. 1966ರಲ್ಲಿ ಕೇಂದ್ರ ಸರಕಾರ ನೇಮಿಸಿದ ಮಹಾಜನ ಆಯೋಗ, ಮರುವರ್ಷ ಕೊಟ್ಟ ವರದಿಯಲ್ಲಿ ಚಂದ್ರಗಿರಿ ಹೊಳೆಯ ಬಡಗಣ ಭಾಗವನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕು ಎಂದಿತು. ಕೇರಳ ಒಪ್ಪಲಿಲ್ಲ, ವರದಿ ಜಾರಿಗೆ ಬರಲೂ ಇಲ್ಲ. ಆ ಲೆಕ್ಕದಲ್ಲಿ ಮಧೂರು, ಕೂಡ್ಲು, ತಳಂಗರೆ, ವಿದ್ಯಾನಗರ ಎಲ್ಲವೂ ಹೊಳೆಯ ಬಡಗಣ ಬದಿಯವು, ಚಂದ್ರಗಿರಿ ಕೋಟೆ ತೆಂಕಣ ಬದಿಯದು.

ಈಗ ಎರಡು ತಲೆಮಾರು ಕಳೆದಿವೆ. ರಾಜ್ಯ ಬದಲಾಗಬೇಕೆನ್ನುವ ಕೂಗು ಮೊದಲಿನಷ್ಟಿಲ್ಲ. ಆದರೆ ಹಿರಿಯರು ಪಟ್ಟ ಪಾಡನ್ನು ಒಂದು ಹಳೆಯ ಗಲಾಟೆ ಎಂದು ತಳ್ಳಿಹಾಕುವುದು ಅನ್ಯಾಯ. ಇಂದು ಇಲ್ಲಿ ಕನ್ನಡ ಶಾಲೆ ಉಳಿದಿದ್ದರೆ ಅವರು ಹಟ ಬಿಡದೆ ನಿಂತದ್ದರಿಂದ.

ಕನ್ನಡದಲ್ಲಿ ಕೆಲಸ ಆಗುತ್ತದೆಯೇ?

ಅಂಗಡಿ, ಬಸ್ಸು, ಹೋಟೆಲು, ದೇವಸ್ಥಾನದಲ್ಲಿ ಧಾರಾಳವಾಗಿ ಆಗುತ್ತದೆ. ನೀವು ಕನ್ನಡದಲ್ಲಿ ಕೇಳಿದರೆ ಎದುರಿನವರು ಕನ್ನಡ, ತುಳು, ಮಲಯಾಳ ಯಾವುದರಲ್ಲಾದರೂ ಉತ್ತರ ಹೇಳುತ್ತಾರೆ. ಕೊಂಕಣಿ, ಬ್ಯಾರಿ, ಮರಾಟಿ, ಉರ್ದು, ಹವ್ಯಕರ ಕನ್ನಡವೂ ಕಿವಿಗೆ ಬೀಳುತ್ತವೆ. ಸಪ್ತಭಾಷೆಗಳ ನಾಡು ಎನ್ನುತ್ತಾರೆ, ಎಣಿಸಿದರೆ ಏಳು ದಾಟುತ್ತದೆ.

ಕಚೇರಿಯ ವಿಷಯ ಬೇರೆ. ಕೇರಳದ 1969ರ ಅಧಿಕೃತ ಭಾಷೆಗಳ ಕಾನೂನಿನ ಪ್ರಕಾರ ಕನ್ನಡ ಮತ್ತು ತಮಿಳು ಭಾಷಿಕರು ಸರಕಾರದ ಜೊತೆ ತಮ್ಮ ಭಾಷೆಯಲ್ಲೇ ಪತ್ರ ವ್ಯವಹಾರ ಮಾಡಬಹುದು. ಕನ್ನಡ, ಮಲಯಾಳ ಎರಡೂ ಬಲ್ಲವರಿಗೆಂದೇ ಲೋಕಸೇವಾ ಆಯೋಗ ಹುದ್ದೆಗಳನ್ನು ಕರೆಯುತ್ತದೆ. ಇದು ನಮ್ಮ ಹಕ್ಕು, ಯಾರೋ ತೋರಿಸುವ ದಾಕ್ಷಿಣ್ಯವಲ್ಲ. ಆದರೂ ಕನ್ನಡ ಶಾಲೆಗೆ ಕನ್ನಡ ಬಾರದ ಅಧ್ಯಾಪಕರು ನೇಮಕವಾಗಿ ಬರುವುದು, ಮಕ್ಕಳ ತಂದೆತಾಯಿ ಗೇಟಿನ ಮುಂದೆ ಕೂರುವುದು ಮತ್ತೆ ಮತ್ತೆ ಆಗುತ್ತಿದೆ. 2017ರಲ್ಲಿ ಮಲಯಾಳ ಕಲಿಕೆ ಕಡ್ಡಾಯವೆಂಬ ಕಾನೂನು ಬಂದಾಗಲೂ ದೊಡ್ಡ ಪ್ರತಿಭಟನೆ ನಡೆಯಿತು. ಮಲಯಾಳ ಕಲಿಯಬಾರದೆಂದು ಯಾರೂ ಹೇಳುತ್ತಿಲ್ಲ, ಇಲ್ಲಿ ಎಲ್ಲರೂ ಕಲಿತೇ ಇರುತ್ತಾರೆ. ಮಗುವಿಗೆ ಗಣಿತ, ವಿಜ್ಞಾನ ಅರ್ಥವಾಗುವ ಭಾಷೆಯಲ್ಲಿ ಸಿಗಲಿ ಎಂಬುದಷ್ಟೇ ಮಾತು. ನಿಮ್ಮ ಅರ್ಜಿಯನ್ನು ಕನ್ನಡದಲ್ಲೇ ಬರೆದು ಕೊಡಿ. ಬಳಸದೆ ಬಿಟ್ಟ ಹಕ್ಕು ಕಾಗದದಲ್ಲಿ ಮಾತ್ರ ಇರುತ್ತದೆ.

ಗುಡ್ಡೆಯೊಳಗಿನ ಸುರಂಗ ಎಂದರೆ ಗುಹೆಯೇ?

ಅಲ್ಲ, ಅಡ್ಡ ಬಾವಿ. ಮುರಕಲ್ಲಿನ ಗುಡ್ಡೆಯ ಬದಿಯಿಂದ ಒಬ್ಬ ಮನುಷ್ಯ ನಡೆದು ಹೋಗುವಷ್ಟು ಎತ್ತರ, ಅಗಲಕ್ಕೆ ಒಳಗೆ ಕೊರೆಯುತ್ತ ಹೋಗುತ್ತಾರೆ. ನೀರಿನ ಒಸರು ಸಿಕ್ಕಿದ ಮೇಲೆ ಅದು ಪಂಪು, ಕರೆಂಟು ಏನೂ ಇಲ್ಲದೆ ತಾನಾಗಿ ಹೊರಗೆ ಹರಿದು ಬರುತ್ತದೆ. ಕೊರೆಯುವವರು ಮೇಣದ ಬತ್ತಿ ಹಚ್ಚಿಕೊಂಡು ಒಳಗೆ ಕೆಲಸ ಮಾಡುತ್ತಿದ್ದರು. ಬೆಳಕಿಗೂ ಆಯಿತು, ಬತ್ತಿ ನಂದಿದರೆ ಉಸಿರಾಡುವ ಗಾಳಿ ಇಲ್ಲವೆಂಬ ಎಚ್ಚರಿಕೆಯೂ ಆಯಿತು. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬಿದ್ದರೂ ಮುರಕಲ್ಲಿನ ಪದವಿನಲ್ಲಿ ಬೇಸಗೆಗೆ ನೀರಿಲ್ಲದ ಊರಿಗೆ ಹಿರಿಯರು ಕಂಡುಕೊಂಡ ದಾರಿ ಇದು. ಬಾಯಾರು, ಪೈವಳಿಕೆ, ಎಣ್ಮಕಜೆ, ಬದಿಯಡ್ಕ ಕಡೆ ಹೇರಳವಾಗಿವೆ. ಖಾಸಗಿ ತೋಟದೊಳಗಿನವು, ಮನೆಯವರನ್ನು ಕೇಳದೆ ಒಳಗೆ ಹೋಗಬೇಡಿ. ಬೋರ್‌ವೆಲ್ ಕೊರೆದಲ್ಲೆಲ್ಲ ಸುರಂಗ ಬತ್ತಿದೆ ಎಂದು ಕೃಷಿಕರು ಹೇಳುವುದನ್ನು ಕೇಳಿದರೆ ಸಂಕಟವಾಗುತ್ತದೆ.

ಹೊಸ ಹೆದ್ದಾರಿ ಬಂದ ಮೇಲೆ ಏನು ಬದಲಾಗಿದೆ?

ತುಂಬ. ರಾಷ್ಟ್ರೀಯ ಹೆದ್ದಾರಿ 66 ಆರು ಲೇನಾಗಿದೆ. ಪೇಟೆಯಲ್ಲಿ ಕರಂದಕ್ಕಾಡಿನಿಂದ ನುಳ್ಳಿಪ್ಪಾಡಿ ತನಕ ಒಂಟಿ ಕಂಬಗಳ ಮೇಲೆ ಮೇಲ್ಸೇತುವೆ ನಿಂತಿದೆ. ತಲಪಾಡಿಯಿಂದ ಬರುವ ಸಮಯ ಕಡಮೆಯಾಯಿತು, ಆಸ್ಪತ್ರೆಗೆ ಮಂಗಳೂರನ್ನೇ ನಂಬಿರುವ ಈ ಜಿಲ್ಲೆಗೆ ಅದು ಸಣ್ಣ ಮಾತಲ್ಲ. ಆದರೆ ರಸ್ತೆ ಬದಿಯ ಮರಗಳು, ಕಟ್ಟೆಗಳು, ಹಂಚಿನ ಮಾಡಿನ ಅಂಗಡಿಗಳು ಹೋದವು. ಅಕ್ಕಪಕ್ಕದ ಊರುಗಳು ಸರ್ವಿಸ್ ರಸ್ತೆಯ ಆಚೆ ಈಚೆಯಾದವು. ಉಳಿದಿರುವ ಹಳೆಯ ಕಟ್ಟಡಗಳ ಫೋಟೋ ತೆಗೆದು, ಅದರ ಕೆಳಗೆ ಊರು, ವರ್ಷ ಬರೆದಿಡಿ ಎಂದು ಇಲ್ಲಿನ ಹುಡುಗರಲ್ಲಿ ನನ್ನ ವಿನಂತಿ.

ಒಂದೇ ದಿನದಲ್ಲಿ ನೋಡುವುದಾದರೆ ಯಾವ ಕ್ರಮ?

ರೈಲಿನಲ್ಲಿ ಬನ್ನಿ. 1907ರಲ್ಲಿ ಮಂಗಳೂರಿನವರೆಗೆ ಬಂದ ಹಳಿಯ ಮೇಲಿನ ನಿಲ್ದಾಣ ತಳಂಗರೆಗೆ ಅಂಟಿಕೊಂಡೇ ಇದೆ. ಬೆಳಗಿನ ಪೂಜೆಗೆ ಮಧೂರು, ಅಲ್ಲಿಂದ ಮಾಯಿಪ್ಪಾಡಿ, ಹಿಂದೆ ಬಂದು ವಿದ್ಯಾನಗರದ ಮೂಲಕ ಎಡನೀರು. ಮಧ್ಯಾಹ್ನ ಊಟವಾದ ಮೇಲೆ ತಳಂಗರೆ, ಸಂಜೆ ನಾಲ್ಕರ ನಂತರ ಚಂದ್ರಗಿರಿ ಕೋಟೆ. ಮಧೂರಿಗೆ ಪೇಟೆಯಿಂದ ಬಸ್ಸು ಆಗಾಗ ಇದೆ. ಎಡನೀರಿಗೆ ಬದಿಯಡ್ಕ ಬಸ್ಸು ಹಿಡಿಯಿರಿ. ದೇವಸ್ಥಾನದ ಒಳಗೆ ಗಂಡಸರು ಅಂಗಿ ತೆಗೆಯಬೇಕು. ಮಸೀದಿಯಲ್ಲಿ ನಮಾಜಿನ ಹೊತ್ತು ಬಿಟ್ಟು, ಮೈ ಮುಚ್ಚುವ ಉಡುಪಿನಲ್ಲಿ ಹೋಗಬೇಕು, ಫೋಟೋಕ್ಕೆ ಮೊದಲು ಕೇಳಬೇಕು. ನವೆಂಬರಿನಿಂದ ಫೆಬ್ರವರಿ ಹದವಾದ ಕಾಲ.

ಇನ್ನೊಂದು ದಿನ ಸಿಕ್ಕಿದರೆ?

ಉತ್ತರಕ್ಕೆ ಹೋಗಿ. ಕುಂಬಳೆಯ ಹತ್ತಿರ ಅನಂತಪುರದ ಕೆರೆ ದೇವಸ್ಥಾನ, ತಿರುವನಂತಪುರದ ಅನಂತಪದ್ಮನಾಭನ ಮೂಲಸ್ಥಾನ ಎಂಬ ನಂಬಿಕೆಯದು. ಕೆರೆಯ ಮೊಸಳೆ ಬಬಿಯಾ 2022ರ ಅಕ್ಟೋಬರಿನಲ್ಲಿ ಸತ್ತಾಗ ಜನ ಸಾಲುಗಟ್ಟಿ ಬಂದು ಕೈಮುಗಿದರು. ಮರುವರ್ಷ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಮುಂದೆ ಮಂಜೇಶ್ವರದಲ್ಲಿ, 1949ರಲ್ಲಿ ಮದ್ರಾಸ್ ಸರಕಾರದಿಂದ ರಾಷ್ಟ್ರಕವಿ ಎನಿಸಿಕೊಂಡ ಗೋವಿಂದ ಪೈಗಳ ಮನೆ ಗಿಳಿವಿಂಡು ಎಂಬ ಸ್ಮಾರಕವಾಗಿದೆ. ತೆಂಕಿಗೇ ಹೋಗಬೇಕೆಂದಿದ್ದರೆ ಪೇಟೆಯಿಂದ 16 ಕಿಲೋಮೀಟರ್ ದೂರದಲ್ಲಿ ಬೇಕಲ. ನಲವತ್ತು ಎಕರೆಯ ಕೋಟೆ, ಬಾಗಿಲಲ್ಲಿ ಮುಖ್ಯಪ್ರಾಣನ ಗುಡಿ, ಮೂರು ಕಡೆ ಕಡಲು. ಚಂದ್ರಗಿರಿ ಕೋಟೆ ನೋಡಿದ ಮೇಲೆ ಅಲ್ಲಿಗೆ ಹೋದರೆ ಎರಡೂ ಒಂದೇ ಸಾಲಿನ ಕಾವಲು ಎಂಬುದು ಕಣ್ಣಿಗೇ ತಿಳಿಯುತ್ತದೆ.